ಬೂದಿ ಏನಂತು?

ನನ್ನ ಓರಗಿತ್ತಿಯ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ನಾನು ಕೂತಿಲ್ಲ. ಅವಳನ್ನು ಹೊಗಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬರೂ ಅವಳ ಜೊತೆ ಒಂದೇ ಸೂರಿನಡಿ ಒಂದು ದಿನ ಕಳೆದವರಲ್ಲ. ನಾನು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ಎದುರಿಗೆ ‘ಅಕ್ಕ, ನೀವು’ ಅನ್ನುತ್ತೇನೆ. ಬರೆಯುವಾಗ ಆ ಮರ್ಯಾದೆಯ ಗೊಡವೆ ನನಗೆ ಬೇಕಿಲ್ಲ.

ಊರವರು ಅವಳಿಗಿಟ್ಟ ಹೆಸರು ಇಲಿ ಇನ್ಸ್‌ಪೆಕ್ಟರ್. ತಮಾಷೆಗೆ ಇಟ್ಟದ್ದು, ಆದರೆ ಅವಳು ಅದನ್ನು ಬಿರುದು ಅಂದುಕೊಂಡಳು. ಮನೆಯ ಹಿಂದೆ, ಬಾವಿ ದಾಟಿದರೆ ನಮ್ಮ ಉಗ್ರಾಣ. ಕಲ್ಲಿನ ಗೋಡೆ, ತಗಡಿನ ಮಾಡು, ಒಂದೇ ಬಾಗಿಲು, ಕಿಟಕಿಯಿಲ್ಲ. ದನಗಳ ಹಿಂಡಿ, ಮೇವು, ಮತ್ತು ಹಿಂದಿನ ಗೋಡೆಯ ಅಟ್ಟಣೆಯ ಮೇಲೆ ಮುಂದಿನ ಬಿತ್ತನೆಗೆಂದು ಆರಿಸಿಟ್ಟ ಮೆಕ್ಕೆಜೋಳದ ಏಳು ಚೀಲ ಬೀಜ. ಅದರ ಕೀಲಿಕೈ ಅವಳ ಸೊಂಟದಲ್ಲಿ. ಅವಳು ಮನೆಗೆ ಬಂದ ವರ್ಷವೇ ಮಾವ ಅದನ್ನು ಕೊಟ್ಟಿದ್ದರಂತೆ. ನಾನು ಬಂದಾಗ ನನಗೆ ಸಿಕ್ಕಿದ್ದು ಒಲೆ ಮತ್ತು ಪಾತ್ರೆ.

ಕೆಲಸ ಗೊತ್ತಿತ್ತು ಅವಳಿಗೆ, ಇಲ್ಲ ಅನ್ನುವುದಿಲ್ಲ. ವಿಷ ಇಡಲು ಬಿಡುತ್ತಿರಲಿಲ್ಲ. ವಿಷ ತಿಂದ ಇಲಿ ಗೋಡೆಯೊಳಗೆ ಹೋಗಿ ಸಾಯುತ್ತದೆ, ಆಮೇಲೆ ತಿಂಗಳುಗಟ್ಟಲೆ ನಾವು ಮೂಗು ಮುಚ್ಚಿಕೊಂಡು ಓಡಾಡಬೇಕು, ಅದನ್ನು ತಿಂದ ಬೆಕ್ಕೂ ಸಾಯುತ್ತದೆ ಎನ್ನುತ್ತಿದ್ದಳು. ಗೋಡೆಯ ಪ್ರತಿಯೊಂದು ಸಂದಿಗೂ ಪೆನ್ಸಿಲ್ ತೂರಿಸಿ ನೋಡುವಳು. ಪೆನ್ಸಿಲ್ ಹೋದರೆ ಇಲಿಮರಿಯೂ ಹೋಗುತ್ತದೆ ಎಂದು ಲೆಕ್ಕ. ಅಲ್ಲಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ ಮೇಲೆ ಸಿಮೆಂಟು ಬಳಿಯುವಳು. ಬಾಗಿಲಿನ ಬುಡಕ್ಕೆ ತಗಡು ಹೊಡೆಸಿದ್ದಳು. ಚೀಲಗಳು ನೆಲದಿಂದ ಗೇಣು ಮೇಲೆ, ಗೋಡೆಯಿಂದ ಮೊಳ ದೂರ. ಬೋನುಗಳನ್ನು ಗೋಡೆಗೆ ತಾಗಿಸಿ ಇಡುವಳು, ಯಾಕೆಂದರೆ ಇಲಿ ಗೋಡೆ ಬಿಟ್ಟು ನಡು ಅಂಗಳದಲ್ಲಿ ಓಡುವ ಪ್ರಾಣಿಯಲ್ಲ. ಸಿಕ್ಕಿದ್ದನ್ನು ಬೋನಿನ ಸಮೇತ ಬಕೆಟ್ಟಿನಲ್ಲಿ ಮುಳುಗಿಸಿ, ನೀರಿನ ಗುಳ್ಳೆ ನಿಲ್ಲುವವರೆಗೆ ಅಲ್ಲೇ ನಿಂತು ನನ್ನ ಅಡುಗೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಹೇಳುವಳು.

ಎಲ್ಲಕ್ಕಿಂತ ಮುಖ್ಯವಾದದ್ದು ಬೂದಿ. ಒಲೆಯ ಬೂದಿಯನ್ನು ಜರಡಿ ಹಿಡಿದು, ಉಗ್ರಾಣದ ಒಳಗೆ ನಾಲ್ಕೂ ಗೋಡೆಯ ಬುಡಕ್ಕೆ ಅಗಲವಾದ ಪಟ್ಟಿಯಂತೆ ಹರಡುವಳು. ಬೆಳಿಗ್ಗೆ ಬಾಗಿಲು ತೆರೆದು ಅದನ್ನು ಓದುವಳು. ಇಲಿಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಯಾವ ಕಡೆಯಿಂದ ಬಂತು, ಎತ್ತ ಹೋಯಿತು, ಒಂದೋ ಎರಡೋ, ಬಸುರಿಯೋ ಅಲ್ಲವೋ ಎಲ್ಲ ಹೇಳುವಳು. ಬಸುರಿ ಅನ್ನುವುದು ಬರೀ ಬಡಾಯಿ ಎಂದು ನನಗೆ ಈಗ ಗೊತ್ತು. ಹೊಸ ಬೂದಿ ಹಾಕಿ, ಒಂದು ಗಂಟೆ ಅಲ್ಲೇ ಕೆಲಸ ಮಾಡಿ, ಬೀಗ ಜಡಿದು ಬಂದರೆ ಮರುದಿನ ಬೆಳಿಗ್ಗೆಯವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಮಾವ ದಿನವೂ ಕಾಫಿ ಕುಡಿಯುತ್ತಾ ಕೇಳುವರು, “ಬೂದಿ ಏನಂತು?” ಅವಳು ವರದಿ ಒಪ್ಪಿಸುವಳು. ನಾನು ಲೋಟ ಎತ್ತಿಕೊಂಡು ಒಳಗೆ ಹೋಗುವೆ. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಮ್ಮಿಬ್ಬರಿಗೆ ಮೊದಲ ದಿನದಿಂದ ಆಗಿಬರಲಿಲ್ಲ. ಅದಕ್ಕೆ ಕಾರಣ ಹುಡುಕುವುದು ದಂಡ. ಆದರೂ ಹದಿನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಇದ್ದೆ. ಅದು ಮುಗಿದದ್ದು ನನ್ನ ತಾಯಿ ನನ್ನನ್ನು ನೋಡಲು ಬಂದ ದಿನ. ಹಿಂದಿನ ವರ್ಷ ಇಲಿಗಳು ಒಂದು ಚೀಲ ಬೀಜ ಕಡಿದಿದ್ದವು. ಮಾವ ಎಲ್ಲರೆದುರು, “ಇನ್ನೊಂದು ಸಲ ಬೀಜಕ್ಕೆ ಬಾಯಿ ಬಿದ್ರೆ ಕೀಲಿಕೈ ಸೊಂಟ ಬದಲಾಯಿಸುತ್ತೆ, ನೋಡ್ಕೋ” ಎಂದಿದ್ದರು. ಅವಳಿಗೆ ಆ ಮಾತು ಒಳಗೇ ಕೊರೆಯುತ್ತಿತ್ತು. ನನ್ನ ತಾಯಿ ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದಾಗ ಸೀದಾ ಒಳಗೆ ಬಂದು, ಹಿಟ್ಟಿನ ಡಬ್ಬದ ಹಿಂದೆ ಬೆರಳು ಆಡಿಸಿ, ಎರಡು ಇಲಿಹಿಕ್ಕೆ ತೆಗೆದು ತಾಯಿಯ ತಟ್ಟೆಯ ಪಕ್ಕ ಇಟ್ಟಳು.

“ನೋಡಿ ಅಮ್ಮಾ, ನಿಮ್ಮ ಮಗಳ ಸಾಕಣೆ. ಉಗ್ರಾಣಕ್ಕೆ ಇಲಿ ಹೋಗೋದು ಇಲ್ಲಿಂದಾನೇ. ಮುಟ್ಟಿ ನೋಡಿ, ಇನ್ನೂ ಮೆತ್ತಗಿದೆ. ಇವತ್ತಿಂದು.”

ತಾಯಿ ತಟ್ಟೆ ಸರಿಸಿ ಎದ್ದರು. ನನ್ನ ಮುಖ ನೋಡದೆ ಕೈ ತೊಳೆದುಕೊಂಡರು. ಆ ಸಂಜೆಯೇ ಹೊರಟುಹೋದರು. ಅವಳ ಸೊಂಟದಿಂದ ಆ ಕೀಲಿಕೈ ಕೆಳಗೆ ಬೀಳುವುದನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲ ಎಂದುಕೊಂಡೆ.

ಉಗ್ರಾಣದ ಹಿಂದಿನ ಗೋಡೆಯಲ್ಲಿ, ಬೀಜದ ಅಟ್ಟಣೆಯ ಕೆಳಗೆ, ಹಳೆಯ ನೀರಿನ ಪೈಪು ಕಿತ್ತ ತೂತು ಒಂದಿತ್ತು. ಅದಕ್ಕೆ ಸಿಮೆಂಟು ನಿಲ್ಲುತ್ತಿರಲಿಲ್ಲ. ಅವಳು ಸ್ಟೀಲ್ ನಾರು ತುರುಕಿ, ಒಳಗಿನಿಂದ ಚಪ್ಪಟೆ ಕಲ್ಲು ಒತ್ತಿಟ್ಟಿದ್ದಾಳೆ ಎನ್ನುವುದು ಮಾವನಿಗೆ ಕೊಟ್ಟ ವರದಿಗಳಿಂದ ನನಗೆ ಗೊತ್ತಿತ್ತು. ಲೋಟ ಎತ್ತುವವರ ಕಿವಿ ಕಿವುಡಾಗಿರುವುದಿಲ್ಲವಲ್ಲ.

ಬಿತ್ತನೆಗೆ ಬೀಜ ತೆಗೆಯಲು ಇನ್ನೊಂದೇ ದಿನ ಇತ್ತು. ಅವತ್ತು ಮಧ್ಯಾಹ್ನ ಅವಳು ತಲೆ ತೊಳೆಯಲು ಬಚ್ಚಲಿಗೆ ಹೋದಳು. ತಲೆ ತೊಳೆದರೆ ಅರ್ಧ ಗಂಟೆ. ಕೀಲಿಕೈ ಬಚ್ಚಲ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಅದರ ಕೆಳಗೆ ಅವಳ ಚಪ್ಪಲಿ. ಎಡಗಾಲಿನ ಹಿಮ್ಮಡಿ ಸವೆದು, ಅಡ್ಡ ಹೊಲಿಗೆ ಹಾಕಿಸಿದ ಚಪ್ಪಲಿ. ಅದರ ಗುರುತು ಇಡೀ ಊರಿಗೆ ಗೊತ್ತು. ಬೂದಿಯ ಮೇಲೆ ನನ್ನ ಕಾಲು ಬೀಳಬಾರದು, ಅವಳ ಹೆಜ್ಜೆಯೇ ಬೀಳಲಿ ಎಂದು ಆ ಚಪ್ಪಲಿ ಮೆಟ್ಟಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಬಿಸಿಲಿನಿಂದ ಒಳಗೆ ಹೋದ ಕಣ್ಣಿಗೆ ಉಗ್ರಾಣದ ಕತ್ತಲೆಯಲ್ಲಿ ಬೂದಿ ಮಾತ್ರ ಬೆಳ್ಳಗೆ ಕಂಡಿತು. ಅದರ ಮೇಲೆ ಏನಿದೆ ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಧೈರ್ಯವಾಗಿ ಮೆಟ್ಟಿಕೊಂಡು ಹೋಗಿ ಕಲ್ಲು ಸರಿಸಿದೆ, ನಾರು ಕಿತ್ತೆ. ಅಂಗೈ ಕೊಯ್ದುಹೋಯಿತು. ತೂತಿನಿಂದ ಹೊರಗಿನ ಬೆಳಕು ಕಂಡಿತು. ಬೀಗ ಜಡಿದು ಬಂದು, ಚಪ್ಪಲಿಯ ಬೂದಿ ಕೊಡವಿ ಇದ್ದಲ್ಲೇ ಇಟ್ಟು, ಕೀಲಿಕೈ ಮೊಳೆಗೆ ಸಿಕ್ಕಿಸಿ, ನಾರನ್ನು ಒಲೆಯ ಹಿಂದೆ ತುರುಕಿ ಪಾತ್ರೆ ತಿಕ್ಕಲು ಕೂತೆ. ಅವಳು ಬಚ್ಚಲಿನಿಂದಲೇ ಕೂಗಿದಳು, “ಬಿಸಿನೀರು ಇನ್ನೊಂದು ಚೊಂಬು ತಾರೇ!” ತೆಗೆದುಕೊಂಡು ಹೋಗಿ ಕೊಟ್ಟೆ.

ಇಲಿಗಳು ನನ್ನ ನಂಬಿಕೆ ಕೆಡಿಸಲಿಲ್ಲ. ಒಂದೇ ರಾತ್ರಿ ಸಾಕಾಯಿತು ಅವಕ್ಕೆ.

ಬೆಳಿಗ್ಗೆ ಬೀಜ ತೆಗೆಯಲು ಮಾವ, ನನ್ನ ಗಂಡ, ಬಾವ ಎಲ್ಲರೂ ಉಗ್ರಾಣದ ಮುಂದೆ ನಿಂತಿದ್ದರು. ನಾನೂ ಏನೋ ನೆಪ ಮಾಡಿಕೊಂಡು ಹೋದೆ. ಅವಳು ಬೀಳುವುದನ್ನು ನೋಡಲು ಮುಂದಿನ ಸಾಲಿನಲ್ಲೇ ನಿಂತೆ. ಹದಿನಾಲ್ಕು ವರ್ಷದಲ್ಲಿ ಅವಳು ಆ ಬಾಗಿಲು ತೆರೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವಳು ಬೀಗ ತೆಗೆದಳು. ಚಪ್ಪಲಿ ಬಿಟ್ಟಳು. ಬಾಗಿಲ ಪಕ್ಕ, ಅಲ್ಲಿ ಅದಕ್ಕೆಂದೇ ಇದ್ದ ಚಪ್ಪಡಿಯ ಮೇಲೆ, ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದಳು.

ನಿನ್ನೆ ನಾನು ಒಳಗೆ ಮೆಟ್ಟಿಕೊಂಡು ಹೋಗಿದ್ದು ಅದೇ ಚಪ್ಪಲಿ. ಬಾವ ನನ್ನ ಗಂಡನಿಗೆ ನಗುತ್ತಾ ಹೇಳುತ್ತಿದ್ದರು, “ಇವಳಿಗೆ ಅಂಗಾಲಲ್ಲೂ ಕಣ್ಣು. ಒಂದು ಕಾಳು ಬಿದ್ದಿದ್ರೂ ತಿಳಿಯುತ್ತಂತೆ. ಒಳಗೆ ಚಪ್ಪಲಿ ಅಂದ್ರೆ ನನ್ನನ್ನೂ ಬಿಡಲ್ಲ.”

ನಾನು ನನ್ನ ಕಾಲು ನೋಡುತ್ತಾ ನಿಂತೆ. ಈಗ ಕೂಗುತ್ತಾಳೆ, ಈಗ ಎಲ್ಲರನ್ನೂ ಕರೆದು ಆ ಅಡ್ಡ ಹೊಲಿಗೆಯ ಗುರುತು ತೋರಿಸುತ್ತಾಳೆ, ತಾನು ಬಚ್ಚಲಿನಲ್ಲಿದ್ದ ಹೊತ್ತು ಮನೆಯಲ್ಲಿ ಯಾರಿದ್ದರು ಎಂದು ಕೇಳುತ್ತಾಳೆ ಎಂದು ಕಾಯುತ್ತಿದ್ದೆ. ಕೇಳಿಸಿದ್ದು ಪೊರಕೆಯ ಸದ್ದು. ಅವಳು ಬೂದಿ ಗುಡಿಸುತ್ತಿದ್ದಳು. ನಾಲ್ಕೂ ಗೋಡೆಯ ಬುಡ ಗುಡಿಸಿ, ಮೊರಕ್ಕೆ ತುಂಬಿ, ಹೊರಗೆ ತಂದು ಗೊಬ್ಬರದ ಗುಂಡಿಗೆ ಸುರಿದಳು. ಆಮೇಲೆ, “ಮಾವಾ, ಬಂದು ನೋಡಿ. ನಾಲ್ಕು ಚೀಲಕ್ಕೆ ಬಾಯಿ ಬಿದ್ದಿದೆ” ಎಂದಳು.

ಮಾವ ಬಾಯಿಗೆ ಬಂದಂತೆ ಬೈದರು. ಅವಳು ಸೊಂಟದಿಂದ ಕೀಲಿಕೈ ಬಿಚ್ಚಿ, ಮಾವನ ಕೈಗೆ ಕೊಡದೆ, ಸೀದಾ ನನ್ನ ಹತ್ತಿರ ಬಂದಳು.

“ಇನ್ಮೇಲೆ ಇವಳು ನೋಡ್ಕೊಳ್ಳಲಿ. ನನಗಿಂತ ಚುರುಕು.”

ಕೊಯ್ದ ಅಂಗೈ ಮುಚ್ಚಿಕೊಂಡು ನಿಂತಿದ್ದೆ. ಅವಳೇ ನನ್ನ ಬೆರಳು ಬಿಡಿಸಿದಳು, ಗಾಯ ನೋಡಿದಳು, ಅದರ ಮೇಲೆ ಕೀಲಿಕೈ ಇಟ್ಟು ಮುಷ್ಟಿ ಮುಚ್ಚಿದಳು. ನನಗೊಬ್ಬಳಿಗೇ ಕೇಳುವಂತೆ ಹೇಳಿದಳು, “ಒಳಗೆ ಹೋಗೋವಾಗ ಚಪ್ಪಲಿ ಬಿಟ್ಟು ಹೋಗು ಕಣೇ.”

ಅದಾಗಿ ಹನ್ನೊಂದು ವರ್ಷ. ಆ ವರ್ಷ ಪಕ್ಕದ ಹೊಲದವರಿಂದ ಬೀಜ ಕೇಳಿ ತಂದು ಬಿತ್ತಿದೆವು. ನಾನು ಒಳಗೆ ಬಿಟ್ಟುಕೊಂಡ ಇಲಿಗಳು ಮಾತ್ರ ಹೊರಗೆ ಹೋಗಲಿಲ್ಲ. ಗೋಡೆಯ ಕಲ್ಲುಗಳ ನಡುವೆ ಸಂಸಾರ ಹೂಡಿದವು. ತೂತು ಮುಚ್ಚಿದೆ, ಪೆನ್ಸಿಲ್ ತೂರಿಸಿದೆ, ಬೋನು ಇಟ್ಟೆ, ಬಕೆಟ್ಟಿನ ಮುಂದೆ ನಿಂತೆ. ಜರಡಿ ಹಿಡಿದು ಹಿಡಿದು ನನ್ನ ಕೂದಲು ಬೂದಿ ಬಣ್ಣಕ್ಕೆ ಬಂತು. ಈಗ ನನ್ನ ಅಂಗಾಲಿಗೂ ಕಾಳು ತಿಳಿಯುತ್ತದೆ. ತಾಯಿಯ ಮನೆಗೆ ಹೋದರೆ ಮೂರನೆಯ ದಿನ ನಿದ್ದೆ ಬರುವುದಿಲ್ಲ, ಉಗ್ರಾಣದ್ದೇ ಚಿಂತೆ.

ಮಾವ ತೀರಿಕೊಂಡ ಮೇಲೆ ಅವರ ಜಗಲಿಯ ಬೆಂಚಿನ ಮೇಲೆ ಅವಳು ಕೂರುತ್ತಾಳೆ. ಕಾಫಿ ಕೈಯಲ್ಲಿ ಹಿಡಿದು ದಿನವೂ ನನ್ನನ್ನು ಕೇಳುತ್ತಾಳೆ, “ಬೂದಿ ಏನಂತು?” ನಾನು ವರದಿ ಒಪ್ಪಿಸಬೇಕು. ಎರಡು ಅಂದರೆ, “ನನ್ನ ಕಾಲದಲ್ಲಿ ಇಷ್ಟಿರಲಿಲ್ಲಪ್ಪ” ಅನ್ನುತ್ತಾಳೆ. ಆ ‘ಅಪ್ಪ’ ಕೇಳಿದರೆ ನನಗೆ ಮೈ ಉರಿಯುತ್ತದೆ.

ಚಪ್ಪಲಿಯ ವಿಷಯ ಅವಳು ಯಾರಿಗೂ ಹೇಳಲಿಲ್ಲ. ಮಾವನಿಗಿಲ್ಲ, ಬಾವನಿಗಿಲ್ಲ, ನನ್ನ ಗಂಡನಿಗೂ ಇಲ್ಲ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ನಾನು ಹನ್ನೊಂದು ವರ್ಷ ಊಟದ ತಟ್ಟೆಯ ಮುಂದೆ ಕಿವಿ ನಿಮಿರಿಸಿ ಕೂತಿದ್ದೇನೆ. ಹೋದ ವಾರ ತಡೆಯಲಾಗಲಿಲ್ಲ. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅಕ್ಕಾ, ಅವತ್ತು ಮಾವನಿಗೆ ಯಾಕೆ ಹೇಳಲಿಲ್ಲ ನೀವು?”

ಯಾವತ್ತು ಎಂದು ಅವಳು ಕೇಳಲಿಲ್ಲ. ಕಾಫಿಯ ತಳ ಅಲ್ಲಾಡಿಸಿ ಕುಡಿದು ಮುಗಿಸಿದಳು.

“ಹೇಳಿದ್ರೆ ಏನಾಗ್ತಿತ್ತು? ಒಂದು ದಿನ ಬೈತಿದ್ರು ನಿನಗೆ. ಅಲ್ಲಿಗೆ ಮುಗೀತಿತ್ತು.”

ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

“ಅದಿರಲಿ, ಬೂದಿ ಏನಂತು ಇವತ್ತು?”

“ಮೂರು,” ಎಂದೆ.