ಅದು ನೀರಿನ ಹಾದಿ

ನೆಲೋಗಿ ದಾಟಿ ಸಿಗುವ ಹಳ್ಳಿಯೊಂದರಲ್ಲಿ ಹಳೆಯ ದೇಶಮುಖರ ವಾಡೆ ನೋಡಲು ಹೋಗಿದ್ದೆ. ದಪ್ಪ ಗೋಡೆ, ದೊಡ್ಡ ಬಾಗಿಲು, ಒಳಗೆ ತಂಪು ಕತ್ತಲು. ಅದೆಲ್ಲ ಇಂಥ ಮನೆಗಳಲ್ಲಿ ಇರುವುದೇ. ನನ್ನನ್ನು ನಿಲ್ಲಿಸಿದ್ದು ಹಿಂದಿನ ತೋಟ. ದಾರ ಹಿಡಿದು ಅಳೆದಂಥ ನಾಲ್ಕು ಚೌಕ ಮಡಿಗಳು, ನಡುವೆ ಒಣಗಿ ನಿಂತ ಕಾರಂಜಿ. ಮಡಿಗಳ ನಡುವೆ ನುಣ್ಣಗೆ ಗುಡಿಸಿದ ಮಣ್ಣಿನ ಹಾದಿ. ಹಿಂದೆಮುಂದೆ ನೋಡದೆ ಅದರಲ್ಲೇ ನಡೆದೆ.

"ಅಲ್ಲಿ ಕಾಲಿಡಬ್ಯಾಡ್ರಿ. ಅದು ನಿಮ್ಮ ಹಾದಿ ಅಲ್ಲ, ನೀರಿಂದು," ಎಂದರು ತೋಟ ನೋಡಿಕೊಳ್ಳುವ ಹಸೀನಾಬಿ. ಕೈಯಲ್ಲಿ ಕಸಬರಿಗೆ ಇತ್ತು.

ನಾಚಿ ಪಕ್ಕಕ್ಕೆ ಸರಿದೆ. ಆದರೆ ಆ ಕಾಲುವೆಯಲ್ಲಿ ಒಂದು ಹನಿ ನೀರಿರಲಿಲ್ಲ.

"ಬಾವ್ಯಾಗ ಹೂಳು ತುಂಬಿತ್ರಿ. ಗಿಡಕ್ಕ ಕೊಡಾ ಹೊತ್ತು ಹಾಕ್ತೇವಿ. ನಾ ಮದಿವ್ಯಾಗಿ ಬಂದಾಗಿಂದ ಇದನ್ನ ದಿನಾ ಕಸಾ ಹೊಡಿತೇನಿ. ಇದರಾಗ ನೀರು ಹರಿದಿದ್ದು ಒಮ್ಮಿನೂ ನೋಡಿಲ್ಲ."

ಹಾಗಾದರೆ ಕಸ ಹೊಡೆಯುವುದೇಕೆ ಎಂದೆ. ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದರು.

"ನೀರು ಬಂದಾಗ ನಿಂದ್ರಬಾರದಲ್ರಿ."

ಈ ತಿಂಗಳು ಬಾವಿಯ ಹೂಳು ತೆಗೆಸಿದ್ದಾರಂತೆ. ನಾವು ಮಾತಾಡುತ್ತಿದ್ದಾಗಲೇ ಗೋಡೆಯಾಚೆ ಅವರ ಗಂಡ ಮೋಟಾರು ಹಾಕಿದರು. ಸ್ವಲ್ಪ ಹೊತ್ತಿಗೆ ಕಾಲುವೆಯ ತುದಿಯಲ್ಲಿ ಕೆಂಪು ನೀರು ಕಾಣಿಸಿಕೊಂಡಿತು. ನೊರೆಯನ್ನು ಮುಂದೆ ಮಾಡಿಕೊಂಡು ಮೆಲ್ಲಗೆ ಬಂದು ನನ್ನ ಚಪ್ಪಲಿಯ ಗುರುತಿನಲ್ಲಿ ನಿಂತಿತು, ಅದನ್ನು ತುಂಬಿ ಮುಂದೆ ಹೋಯಿತು.

"ನೋಡ್ರಿ," ಎಂದರು ಹಸೀನಾಬಿ, ಕಣ್ಣು ನೀರಿನ ಮೇಲೆಯೇ ಇಟ್ಟು. "ನಿಮ್ಮ ಸಲುವಾಗಿ ತಡಾ ಆತು."