ಏಳು ಆಟಗಾರರ ಹಾಳೆ, ಸಿಗದ ಪತ್ರ

ಬಂಟ್ವಾಳದಲ್ಲಿ ನನ್ನ ವಕೀಲಿಕೆಯ ಎರಡನೇ ವರ್ಷ ಅದು. ಮೂಡುಬಿದಿರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದ ಕಪ್‌ಗಳು ಮೇಜಿನ ತುಂಬ ಇದ್ದವು, ಕಕ್ಷಿದಾರರು ಕಮ್ಮಿ. ಆಗ ಬಂದವರು ವಾಮದಪದವು ಕಡೆಯ ಖಾಸಗಿ ಶಾಲೆಯೊಂದರ ಪಿ.ಟಿ. ಮಾಸ್ಟ್ರು, ವಸಂತ.

ಅವರ ಯುವಕ ಸಂಘ ಕಬಡ್ಡಿ ಪಂದ್ಯಾಟದ ಜೊತೆಗೆ ಫ್ಯಾಂಟಸಿ ಸ್ಪರ್ಧೆಯನ್ನೂ ನಡೆಸಿತ್ತು. ಆ್ಯಪ್ ಅಲ್ಲ, ಛಾಪಿಸಿದ ಹಾಳೆ. ಐವತ್ತು ರೂಪಾಯಿ ಕೊಟ್ಟು, ಯಾವ ತಂಡದಿಂದಾದರೂ ಏಳು ಆಟಗಾರರನ್ನು ಆರಿಸಿ ಬರೆಯಬೇಕು. ಅವರು ಅಂಗಳದಲ್ಲಿ ಗಳಿಸಿದ ಅಂಕ ನಿಮ್ಮದು. ಹೆಚ್ಚು ಅಂಕದವರಿಗೆ ಫ್ರಿಜ್. ಸ್ಪರ್ಧೆ ಮುಗಿದ ವಾರವೇ ಯಾರೋ "ಮಾಸ್ಟ್ರು ಜೂಜು ಆಡಿಸ್ತಾರೆ" ಎಂದು ಶಾಲೆಗೆ ದೂರು ಕೊಟ್ಟರು. ಜೂಜಲ್ಲ ಎಂದು ಅಧಿಕಾರಿಯಿಂದ ಪತ್ರ ತನ್ನಿ, ಇಲ್ಲ ರಾಜೀನಾಮೆ ಕೊಡಿ ಎಂದಿತು ಆಡಳಿತ ಮಂಡಳಿ.

ಹುಡುಕಿದೆ. ಇಂಥದ್ದಕ್ಕೆ ಪರವಾನಗಿ ಕೇಳೋಣವೆಂದರೆ ಅರ್ಜಿ ನಮೂನೆಯೇ ಇಲ್ಲ. ನಿಲ್ಲಿಸುವ ಅಧಿಕಾರ ಮಾತ್ರ ಕಂಡಕಂಡವರಿಗೆಲ್ಲ ಉಂಟು! ಆ ಸಿಟ್ಟಿನಲ್ಲೇ ಮಾಸ್ಟ್ರನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋಗಿ ಅಧಿಕಾರಿಯ ಎದುರು ಕುಳಿತೆ.

"ಆಟ ಬಲ್ಲವನೇ ಗೆಲ್ಲುವುದು. ಇದು ಕೌಶಲ, ಅದೃಷ್ಟ ಅಲ್ಲ. ಕೌಶಲದ ಸ್ಪರ್ಧೆಯನ್ನು ಕಾನೂನು ಜೂಜು ಎನ್ನುವುದಿಲ್ಲ."

"ಇದು ಭಾಷಣ ಸ್ಪರ್ಧೆ ಅಲ್ಲ ಮಾರಾಯ್ರೆ."

"ನೀವೂ ಅದರ ತೀರ್ಪುಗಾರರಲ್ಲ. ಪತ್ರ ಕೊಡಲಿಕ್ಕಾಗದಿದ್ದರೆ, ಯಾಕೆ ಆಗುವುದಿಲ್ಲ ಅಂತ ಬರೆದು ಕೊಡಿ."

ಅವರ ಮುಖ ಬಿಗಿಯಿತು. ಆದರೂ ಪೆನ್ನು ತೆಗೆದರು. "ಅಂಕ ನೋಡಿಯೇ ಬಹುಮಾನ ಕೊಟ್ಟದ್ದಾದರೆ ಜೂಜಲ್ಲ ಅಂತ ಬರೆಯುವ." ಮಾಸ್ಟ್ರ ಕಡೆ ತಿರುಗಿ ಕೇಳಿದರು: "ಫ್ರಿಜ್ ಯಾರಿಗೆ ಹೋಯ್ತು?"

ಮಾಸ್ಟ್ರು ಹೆಮ್ಮೆಯಿಂದಲೇ ಹೇಳಿದರು: "ಒಂಬತ್ತು ಜನಕ್ಕೆ ಒಂದೇ ಅಂಕ ಬಂತು ಸಾರ್. ಎಲ್ಲರೂ ನಮ್ಮೂರ ತಂಡದ ಏಳು ಜನರನ್ನೇ ಬರೆದದ್ದು. ಪಕ್ಕದ ಊರಿನವರನ್ನು ಬರೆದರೆ ಮನೆಯಲ್ಲಿ ಊಟ ಉಂಟಾ? ಯಾರಿಗೂ ಅನ್ಯಾಯ ಆಗಬಾರದು ಅಂತ ಎಲ್ಲರೆದುರು ಚೀಟಿ ಎತ್ತಿಸಿದೆವು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಚೀಟಿ ಎತ್ತುವುದರಲ್ಲಿ ಕೌಶಲ ಯಾವುದು ವಕೀಲರೇ? ಡಬ್ಬಿಗೆ ಕೈ ಹಾಕುವುದಾ?"

ನಾನು ಫೈಲು ಮಡಚಿ ಎದ್ದೆ.

ಹೊರಗೆ ಬಂದು ಮಾಸ್ಟ್ರ ಮೇಲೆ ಹರಿಹಾಯ್ದೆ. "ಇದನ್ನು ಮೊದಲೇ ಹೇಳಲಿಕ್ಕೆ ಏನಾಗಿತ್ತು ನಿಮಗೆ?"

"ನೀವು ಕೇಳಲೇ ಇಲ್ಲ ವಕೀಲ್ರೇ. ಬಂದಾಗಿನಿಂದ ನೀವೇ ಮಾತಾಡ್ತಾ ಇದ್ರಿ."

ತಿಂಗಳೊಳಗೆ ಅವರು ರಾಜೀನಾಮೆ ಕೊಟ್ಟರು. ಈಗ ಬೆಳ್ತಂಗಡಿಯಲ್ಲಿ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿದ್ದಾರೆ. ನಿಯಮ ಬರೆಯದೆ ಜನರನ್ನು ಹಿಡಿಯುವ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಆ ಪತ್ರ ತಪ್ಪಿಸಿದ್ದು ವ್ಯವಸ್ಥೆ ಎಂದು ವಾದಿಸಲು ನನಗೂ ಬಾಯಿ ಬರುವುದಿಲ್ಲ. ಕಕ್ಷಿದಾರ ನಡೆದದ್ದನ್ನೆಲ್ಲ ಹೇಳಿ ಮುಗಿಸುವ ತನಕ ವಕೀಲ ವಾದ ಕಟ್ಟಬಾರದು; ಕಲಿತೆ. ಆ ಪಾಠದ ಫೀಸು ಮಾತ್ರ ಮಾಸ್ಟ್ರು ಕೊಟ್ಟರು.