ಅಡುಗೆಯವರ ಸಾಲಿನಲ್ಲಿ ನಾನು

ನಾನು ಚರಿತ್ರೆಯಲ್ಲಿ ಬಿ.ಎ. ಮಾಡಿದವನು. ಇದನ್ನು ಕೇಳಿದವರೆಲ್ಲ "ಮತ್ತೆ?" ಎನ್ನುತ್ತಿದ್ದರು. ಮತ್ತೇನೂ ಇರಲಿಲ್ಲ. ಗಡಿಯಲ್ಲಿರುವ ನಮ್ಮೂರು ಕುಂಜತ್ತೂರಿನಲ್ಲಿ ಬಸ್ಸು ಹತ್ತಿ ಮಂಗಳೂರಿಗೆ ಹೋದರೆ ಅಲ್ಲಿ ನಾನು ಕೇರಳದವನು. ರಸ್ತೆ ದಾಟಿ ಕಾಸರಗೋಡಿನ ಬಸ್ಸು ಹತ್ತಿದರೆ ಅಲ್ಲಿ ಮಲಯಾಳ ಬರೆಯಲು ಬಾರದವನು. ಕೆಲಸ ಕೊಡದಿರುವುದಕ್ಕೆ ಎರಡು ರಾಜ್ಯಗಳೂ ಒಂದೊಂದು ಕಾರಣ ಇಟ್ಟುಕೊಂಡಿದ್ದವು.

ಇಂಥ ಹುಡುಗರಿಗೆ ನಮ್ಮ ಬ್ಯಾರಿ ಮನೆಗಳಲ್ಲಿ ಗಲ್ಫ್ ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ಪಾಲಿಗೆ ಆ ಬಾಗಿಲನ್ನು ಮುಚ್ಚಿದವರು ಉಪ್ಪಳದ ಒಬ್ಬರು ಹಿರಿಯರು. ಅವರ ಮಗಳು ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿಂದೆ ಇದ್ದಳು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ, ಉಮ್ಮನ, ಅಂದರೆ ಅಮ್ಮನ, ತಮ್ಮನಾದ ನನ್ನ ಮಾವನನ್ನು ಮಾತಾಡಲು ಕಳಿಸಿದ್ದೆ. ಹಿರಿಯರು ಇಪ್ಪತ್ತಾರು ವರ್ಷ ದುಬೈಯಲ್ಲಿ ದುಡಿದು ಊರಿಗೆ ಬಂದವರು. ಮಾವ ತಂದ ಉತ್ತರ ಹೀಗಿತ್ತು: "ಹುಡುಗ ಅಡ್ಡಿಲ್ಲ ಅಂತೆ. ಆದ್ರೆ ಗಲ್ಫಿಗೆ ಹೋಗುವವ ಬೇಡವಂತೆ. ಊರಲ್ಲೇ ಕೆಲಸ ಬೇಕು, ಅದೂ ಸರಕಾರದ ಸೀಲು ಇರುವಂಥದ್ದು. ನೋಂಬು ಶುರುವಾಗುವ ಮೊದಲು ಹೇಳಬೇಕಂತೆ, ಬೇರೆ ಸಂಬಂಧ ಕೂಡ ಬರ್ತಾ ಉಂಟಂತೆ."

ಆ ನೋಂಬಿಗೆ, ಉಪವಾಸದ ತಿಂಗಳಿಗೆ, ಇನ್ನು ಎರಡೂವರೆ ತಿಂಗಳಿತ್ತು.

ಮರುದಿನವೇ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಓಡಿದೆ. ಪ್ಲಸ್ ಟು ಮುಗಿಸಿದ ವರ್ಷವೇ ಅಲ್ಲಿ ಹೆಸರು ಬರೆಸಿ, ಮೂರು ವರ್ಷಕ್ಕೊಮ್ಮೆ ತಪ್ಪದೆ ರಿನೀವಲ್ ಮಾಡಿಸುತ್ತ ಬಂದಿದ್ದೆ. ಆ ಕಾರ್ಡನ್ನು ಉಮ್ಮ ಕಪಾಟಿನಲ್ಲಿ ಚಿನ್ನದ ಬಳೆಗಳ ಪಕ್ಕದಲ್ಲೇ ಇಟ್ಟಿದ್ದರು. ಕಿಟಕಿಯ ಆಚೆ ಕುಳಿತಿದ್ದವರು ಅದನ್ನು ತಿರುಗಿಸಿ ನೋಡಿ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಹೇಳಿದ್ದು ಇಷ್ಟು: ಕ್ಲರ್ಕ್ ಕೆಲಸಕ್ಕೆ ನಿನ್ನ ಸೀನಿಯಾರಿಟಿ ಬರುವ ಹೊತ್ತಿಗೆ ನಿನಗೆ ಪೆನ್ಶನ್ ಆಗುವ ಪ್ರಾಯ.

"ಬೇರೆ ಎಂತ ಗೊತ್ತುಂಟು?" ಎಂದು ಕೇಳಿದರು.

ಅವರ ಹತ್ತಿರ ಕಸುಬುಗಳ ಪಟ್ಟಿಯೇ ಇತ್ತು. ಪ್ಲಂಬರ್, ವೆಲ್ಡರ್, ಡ್ರೈವರ್, ಟೈಲರ್ ಎಂದು ಅವರು ಓದುತ್ತ ಹೋದಂತೆ ನಾನು ತಲೆ ಅಲ್ಲಾಡಿಸುತ್ತ ಹೋದೆ. ಇಪ್ಪತ್ತೈದು ವರ್ಷ ಬದುಕಿ ಇಷ್ಟೊಂದು ಕೆಲಸಗಳನ್ನು ಕಲಿಯದೆ ಹೇಗೆ ಉಳಿದೆ ಎಂದು ನನಗೇ ಆಶ್ಚರ್ಯವಾಯಿತು. ಕೊನೆಗೆ ಅವರು "ಕುಕ್" ಎಂದರು. ನಮ್ಮ ಜಿಲ್ಲೆಯದೇ ಆದ ಅನಂತಪುರದ ಆಚೆ ಸರಕಾರದ ಒಂದು ತರಬೇತಿ ಕೇಂದ್ರಕ್ಕೆ ಮಧ್ಯಾಹ್ನದ ಊಟಕ್ಕೆ ಅಡುಗೆಯವರು ಬೇಕಿತ್ತು. ನೂರ ಎಪ್ಪತ್ತೊಂಬತ್ತು ದಿನದ ತಾತ್ಕಾಲಿಕ ಕೆಲಸ, ಆಮೇಲೆ ಪಟ್ಟಿಯಲ್ಲಿ ಮುಂದಿನವರಿಗೆ. ಅನುಭವದ ಸರ್ಟಿಫಿಕೇಟು ಇರಬೇಕು.

"ಗೊತ್ತುಂಟು," ಎಂದುಬಿಟ್ಟೆ.

ಪೂರ್ತಿ ಸುಳ್ಳಲ್ಲ. ನನ್ನ ಮಾವ ಮದುವೆ ಮನೆಗಳ ಬಿರಿಯಾನಿ ಅಡುಗೆಯವರು. ಪ್ಲಸ್ ಟು, ಬಿ.ಎ. ಓದುವಾಗಿನ ರಜೆಗಳಲ್ಲಿ ನಾನು ಅವರ ಜೊತೆ ಹೋಗುತ್ತಿದ್ದೆ. ಐದು ವರ್ಷ ಹೋಗಿ ಮಾಡಿದ್ದು ಒಂದೇ ಕೆಲಸ: ನೀರುಳ್ಳಿ ಹೆಚ್ಚುವುದು, ಹುರಿಯುವುದು. ಸರ್ಟಿಫಿಕೇಟಿನಲ್ಲಿ ಮಾವ 'ಐದು ವರ್ಷದ ಅಡುಗೆ ಅನುಭವ' ಎಂದು ಬರೆಸಿದಾಗ ನನಗೆ ನಾಚಿಕೆಯಾಯಿತು.

"ನಾಚಿಕೆ ಎಂತಕ್ಕೆ ಮಾರಾಯ? ನೀರುಳ್ಳಿ ಇಲ್ಲದೆ ಬಿರಿಯಾನಿ ಆಗ್ತದಾ?" ಎಂದು ಮಾವ ಸಹಿ ಹಾಕಿದರು.

ಅರ್ಜಿ ಕೊಡಲು ಹೋದ ದಿನ ಬಾಯಾರು ಎಂಬ ಊರಿನಿಂದ ಬಂದಿದ್ದ ಒಬ್ಬ ಹೆಂಗಸು ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು. ಮಲಯಾಳದ ಫಾರ್ಮನ್ನು ತಲೆಕೆಳಗಾಗಿ ಹಿಡಿದಿದ್ದರು. ನನಗೂ ಅದು ಅಷ್ಟಕ್ಕಷ್ಟೇ, ಆದರೂ ಓದಿದವನೆಂಬ ಗತ್ತಿನಲ್ಲಿ "ಕೊಡಿ ಅಕ್ಕ, ನಾನು ತುಂಬಿಸ್ತೇನೆ" ಎಂದೆ. ಕಸುಬಿನ ಕಾಲಮಿಗೆ ಬಂದಾಗ ಅವರು, "ಕೆಲಸ ಎಂತದೂ ಇಲ್ಲ ಮಗಾ, ಮನೆಯಲ್ಲೇ ಇರುವುದು. ಹದಿನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಗಂಜಿ ಬೇಯಿಸ್ತಿದ್ದೆ, ಅಷ್ಟೇ," ಎಂದರು. ನನಗೆ ಸಿಟ್ಟೇ ಬಂತು. "ಅಷ್ಟೇ ಅಂದ್ರೆ? ಅದೇ ಕೆಲಸ ಅಕ್ಕ!" ಎಂದು ಗದರಿಸಿ, ಅಡುಗೆ ಎಂದು ದಪ್ಪಕ್ಷರದಲ್ಲಿ ಬರೆದೆ. ಶಾಲೆಗೆ ಹೋಗಿ ಹೆಡ್‌ಮಾಸ್ಟರರಿಂದ ಸರ್ಟಿಫಿಕೇಟು ತರಲು ಕೂಡ ಹೇಳಿಕೊಟ್ಟೆ. ಅಷ್ಟು ಉಪಕಾರ ಮಾಡುವಾಗ ಅವರು ನನ್ನ ಎದುರಾಳಿ ಎಂಬುದು ನನಗೆ ಹೊಳೆಯಲೇ ಇಲ್ಲ.

ಸಂದರ್ಶನದ ದಿನ ಹೋದರೆ ಐದು ಒಲೆಗಳು, ಐದು ಮಂದಿ ಅಡುಗೆಯವರು, ಪರೀಕ್ಷೆಗೆ ಮೂವರು ಅಧಿಕಾರಿಗಳು. ಹತ್ತು ಜನರಿಗೆ ಅನ್ನ, ಸಾಂಬಾರು, ಪಲ್ಯ ಮಾಡಿ ಎಂದರು.

ಹತ್ತು ಜನರಿಗೆ! ಮಾವನ ಲೆಕ್ಕ ಶುರುವಾಗುವುದೇ ಐನೂರು ಜನರಿಂದ. ಐನೂರಕ್ಕೆ ಎರಡು ಬೊಗಸೆ ಉಪ್ಪು ಹಾಕುವುದಾದರೆ ಹತ್ತಕ್ಕೆ ಎಷ್ಟು? ಒಂದು ಬೊಗಸೆಯ ಇಪ್ಪತ್ತೈದನೆಯ ಒಂದು ಭಾಗವನ್ನು ಕೈಯಲ್ಲಿ ಹಿಡಿಯಲು ನೋಡಿ ಸೋತು, ಅಂದಾಜಿಗೆ ಹಾಕಿದೆ. ಧೈರ್ಯ ಬರಲೆಂದು ಗೊತ್ತಿದ್ದ ಕೆಲಸವನ್ನೇ ಮೊದಲು ಹಿಡಿದೆ. ಇದ್ದ ನೀರುಳ್ಳಿಯನ್ನೆಲ್ಲ ತೆಳ್ಳಗೆ ಹೆಚ್ಚಿ, ಕಂದು ಬಣ್ಣ ಬರುವವರೆಗೆ ಹುರಿದೆ. ಮೂವರೂ ಅಧಿಕಾರಿಗಳು ಮೂಗರಳಿಸಿಕೊಂಡು ನನ್ನ ಒಲೆಯ ಹತ್ತಿರ ಬಂದರು. ಆ ಹತ್ತು ನಿಮಿಷ ನಾನೇ ರಾಜ. ಪಕ್ಕದ ಒಲೆಯಲ್ಲಿ ಬಾಯಾರಿನ ಅಕ್ಕ ಯಾರ ಕಡೆಗೂ ನೋಡದೆ ಬೇಳೆ ಕದಡುತ್ತಿದ್ದರು.

ಆ ನೀರುಳ್ಳಿಯನ್ನು ಏನು ಮಾಡುವುದೆಂದು ಗೊತ್ತಾಗದೆ ಅಷ್ಟನ್ನೂ ಸಾಂಬಾರಿಗೆ ಸುರಿದೆ. ಆಮೇಲೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಮೈದಾ ಕಲಸಿ, ಪಾತ್ರೆಯ ಬಾಯಿಗೆ ಸುತ್ತಲೂ ಹಿಟ್ಟು ಮೆತ್ತಿ, ಮುಚ್ಚಳ ಒತ್ತಿದೆ. ಆವಿ ಹೊರಹೋಗದಂತೆ ಬಿರಿಯಾನಿಗೆ ದಮ್ ಕೊಡುವುದು ಹಾಗೆಯೇ. ಮೆತ್ತಿ ಮುಗಿದ ಮೇಲೆ ನೆನಪಾಯಿತು, ಒಳಗಿರುವುದು ಸಾಂಬಾರು.

ಅಧಿಕಾರಿಗಳಲ್ಲಿ ಒಬ್ಬ ಮೇಡಂ ಸೌಟು ಹಿಡಿದು ಬಂದು ಮುಚ್ಚಳ ಎತ್ತಲು ನೋಡಿದರು. ಬರಲಿಲ್ಲ. ಇನ್ನೊಬ್ಬರು ಕೈ ಜೋಡಿಸಿದರು. ಮದುವೆ ಮನೆಯಲ್ಲಿ ಮಾವ ಹೇಳದೆ ಯಾರೂ ಮುಚ್ಚಳ ಮುಟ್ಟುವಂತಿಲ್ಲ, ಅದೇ ಅಭ್ಯಾಸದಲ್ಲಿ "ಮುಟ್ಟಬೇಡಿ, ಇನ್ನೂ ಅರ್ಧ ಗಂಟೆ ಉಂಟು!" ಎಂದು ಅರಚಿದೆ. ಸರಕಾರದ ಮೂವರು ಅಧಿಕಾರಿಗಳು ಹಿಂದೆ ಸರಿದು, ಬೆಂಚಿನ ಮೇಲೆ ಕುಳಿತು, ನಿಜವಾಗಿಯೂ ಅರ್ಧ ಗಂಟೆ ಕಾದರು. ಕೊನೆಗೆ ಚೂರಿಯಿಂದ ಹಿಟ್ಟು ಕೊಯ್ದು ತೆಗೆದಾಗ ಬಂದ ಪರಿಮಳಕ್ಕೆ ಮೇಡಂ ಕಣ್ಣು ಮುಚ್ಚಿದರು. ರುಚಿ ನೋಡಿ ಕಣ್ಣು ತೆರೆದರು.

"ಇದು ಎಂತ ಅಂತ ಗೊತ್ತಾಗಲಿಲ್ಲ. ಆದ್ರೆ ಒಳ್ಳೇದುಂಟು," ಎಂದರು.

ಒಂದನೆಯ ಸ್ಥಾನ ಬಾಯಾರಿನ ಅಕ್ಕನಿಗೆ. ನನಗೆ ಎರಡನೆಯದು. ಪಟ್ಟಿಯ ಮುಂದೆ ನಿಂತಾಗ ಮೊದಲು ಬಂದದ್ದು ಹೊಟ್ಟೆಕಿಚ್ಚು; ಆ ಫಾರ್ಮನ್ನು ತುಂಬಿಸಿದ ಕೈಯನ್ನು ಕಚ್ಚಿಕೊಳ್ಳುವಷ್ಟು. ಅಷ್ಟರಲ್ಲಿ ಅಕ್ಕ ಬಂದು, ಸೆರಗಿನಲ್ಲಿ ಮುಖ ಒರೆಸುತ್ತ, "ನನ್ನದು ಕೆಲಸ ಅಂತ ನೀನೇ ಹೇಳಿದ್ದಲ್ವಾ ಮಗಾ, ಇಷ್ಟರವರೆಗೆ ಯಾರೂ ಹೇಳಿರಲಿಲ್ಲ," ಎಂದರು. ಅದರ ಮೇಲೆ ಹೊಟ್ಟೆಕಿಚ್ಚು ಪಡುವುದೂ ನನ್ನಿಂದಾಗಲಿಲ್ಲ. ಅಳು ಮಾತ್ರ ಬಂತು.

ಉಪವಾಸಕ್ಕೆ ನಾಲ್ಕು ದಿನ ಉಳಿದಿತ್ತು. ಮಾವನ ಜೊತೆ ಉಪ್ಪಳಕ್ಕೆ ಹೋಗಿ, ಹಿರಿಯರ ಮುಂದೆ ಕುಳಿತು, ನೀರುಳ್ಳಿಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕನ ನೂರ ಎಪ್ಪತ್ತೊಂಬತ್ತು ದಿನ ಮುಗಿದ ಮೇಲೆ ಪಟ್ಟಿಯಲ್ಲಿ ಎರಡನೆಯವನಾದ ನನ್ನ ಸರದಿ, ಈಗ ಕೈಯಲ್ಲಿ ಏನೂ ಇಲ್ಲ ಎಂದೆ. ಹಿರಿಯರು ಗಡ್ಡ ನೀವಿಕೊಂಡು, "ಅದು ಕೂಡ ಟೆಂಪರರಿ ಅಲ್ವಾ?" ಎಂದರು.

ಆಗ ಬಾಗಿಲ ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ನೀವು ಇಪ್ಪತ್ತಾರು ವರ್ಷ ಪರ್ಮನೆಂಟ್ ಇದ್ರಿ. ನಾನು ನಿಮ್ಮನ್ನು ನೋಡಿದ್ದು ಒಟ್ಟು ಎಷ್ಟು ದಿನ ಹೇಳಿ?"

ಹಿರಿಯರು ಬೆರಳು ಮಡಚಿ ಎಣಿಸತೊಡಗಿದರು. ಪರದೆಯ ಹಿಂದಿನ ದನಿಯೇ ಮುಂದುವರಿಯಿತು: "ಹುಡುಗ ಸಂಜೆ ಮನೆಗೆ ಬರ್ತಾನಾ ಕೇಳಿ. ಅಷ್ಟು ಸಾಕು."

ಬರುತ್ತೇನೆ ಎಂದೆ.

ನೋಂಬಿನ ಹಬ್ಬ ಕಳೆದ ಮೇಲೆ ಮದುವೆಯಾಯಿತು. ಬಿರಿಯಾನಿಯ ನೀರುಳ್ಳಿಯನ್ನು ಮಾವ ಬೇರೆಯವರಿಂದ ಹೆಚ್ಚಿಸಿದರು, ಅದು ಸರಿಯಾಗಿ ಹುರಿದಿರಲಿಲ್ಲ. ನನ್ನ ಸರದಿ ಬಂದಾಗ ಅಕ್ಕನೇ ಎರಡು ದಿನ ಮೊದಲು ಬಂದು ಹತ್ತು ಜನರ ಉಪ್ಪಿನ ಅಳತೆ ಕಲಿಸಿಕೊಟ್ಟರು. ಕೆಲಸಕ್ಕೆ ಹೋದ ಮೊದಲ ದಿನ ಮನೆಗೆ ಮರಳಿದಾಗ ಅಂದು ಪರದೆಯ ಹಿಂದಿದ್ದ ಅತ್ತೆ ಉಪ್ಪಳದಿಂದ ಬಂದು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಗೋಡೆಯ ಗಡಿಯಾರ ನೋಡಿದರು. ನಾಲ್ಕೂವರೆ. ಎದ್ದು, ಚಪ್ಪಲಿ ಹಾಕಿಕೊಂಡು, ಬಸ್ಸಿಗೆ ಹೊರಟರು.